ಬೀಜ ಒಡೆಸಿದ ಹೋತ ಬೆಳಿಗ್ಗೆಯಿಂದ ತಿಣುಕುತ್ತಿದೆ, ಎಣ್ಣೆ ಕುಡಿಸಲಾ?

ಕರಿಯನ ಯಜಮಾನ | ಮೊದಲ ದಿನ, ಸಂಜೆ 5:50

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯನಿಗೆ ಎರಡು ವರ್ಷ, ತೂಕ ಸುಮಾರು 35 ಕೆ.ಜಿ. ಒಂದೂವರೆ ತಿಂಗಳ ಮರಿಯಾಗಿದ್ದಾಗಲೇ ಬೀಜ ಒಡೆಸಿದ್ದೆವು. ಮಾರುವುದಕ್ಕೆ ಸಾಕಿದ್ದಲ್ಲ, ಸುಮ್ನೆ ಪ್ರೀತಿಗೆ. ಇವತ್ತು ಬೆಳಿಗ್ಗೆಯಿಂದ ತಿಂಡಿ ಮುಟ್ಟಿಲ್ಲ. ಹಿಂಗಾಲು ಅಗಲಿಸಿ ನಿಂತು ತಿಣುಕುತ್ತಾನೆ, ಬಾಲ ಪಟಪಟ ಆಡಿಸುತ್ತಾನೆ, ಆಮೇಲೆ ನರಳುತ್ತಾನೆ. ಹಲ್ಲು ಕಡಿಯುವ ಸದ್ದೂ ಕೇಳುತ್ತಿದೆ. ಹಿಕ್ಕೆ ನಾಲ್ಕು ಕಾಳು ಹಾಕಿದ್ದಾನೆ ಅಷ್ಟೇ. ಹೊಟ್ಟೆ ಕಟ್ಟಿದೆ ಅನಿಸುತ್ತದೆ. ಎಣ್ಣೆ ಕುಡಿಸಬಹುದಾ? ಎಷ್ಟು?

ಟಗರುಪ್ರಿಯ | ಸಂಜೆ 5:58

ಕುಡಿಸಿ ಸರ್. ನಮ್ಮ ಟಗರಿಗೂ ಹೀಗೇ ಆಗಿತ್ತು. ಬೆಳಿಗ್ಗೆ ಹೊತ್ತಿಗೆ ಸರಿ ಹೋಗಿತ್ತು.

ಮೆಲುಕು | ಸಂಜೆ 6:03

ಎಣ್ಣೆ ಬೇಡ ತಮ್ಮಾ, ಸ್ವಲ್ಪ ತಡಿ. ಇವತ್ತು ಅವನು ಉಚ್ಚೆ ಹೊಯ್ದಿದ್ದನ್ನು ನೀನು ಕಣ್ಣಾರೆ ನೋಡಿದ್ದೀಯಾ? "ಹೊಯ್ದಿರಬಹುದು" ಅಲ್ಲ, ನೋಡಿದ್ದೀಯಾ? ಈಗ ಹೋಗಿ ಎರಡು ಕೆಲಸ ಮಾಡು. ಅವನ ಹಿಂದೆ ಹತ್ತು ನಿಮಿಷ ನಿಂತು ನೋಡು. ಆಮೇಲೆ ಹೊಟ್ಟೆಯಡಿ, ಉಚ್ಚೆ ಬರುವ ಕಡೆ ತೊಗಲಿನ ತುದಿಯಲ್ಲಿ ಕೂದಲಿನ ಗೊಂಚಲು ಇರುತ್ತದಲ್ಲ, ಅದನ್ನು ಬೆರಳಲ್ಲಿ ಉಜ್ಜಿ ನೋಡು. ಒದ್ದೆ ಇದೆಯಾ, ಒಣಗಿದೆಯಾ, ಮರಳಿನ ಥರ ಏನಾದರೂ ಸಿಗುತ್ತದಾ?

ಕರಿಯನ ಯಜಮಾನ | ಸಂಜೆ 6:21

ಅಕ್ಕಾ, ನೋಡಿದೆ. ಕೂದಲು ಪೂರ್ತಿ ಒಣ. ಸಕ್ಕರೆ ಕಾಳಿನಂಥ ಬಿಳಿ ಹರಳು ಬೆರಳಿಗೆ ಹತ್ತಿತು. ಹತ್ತು ನಿಮಿಷದಲ್ಲಿ ಬಂದಿದ್ದು ಎರಡೇ ಹನಿ. ಅದೂ ಕೆಂಪಗೆ. ಕೈ ನಡುಗುತ್ತಿದೆ.

ಹಸಿರು ಏಪ್ರನ್ | ಸಂಜೆ 6:27

ನಾನು ಪಶುವೈದ್ಯೆ. ಇದು ಹೊಟ್ಟೆ ಕಟ್ಟಿದ್ದಲ್ಲ, ಮೂತ್ರದ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆ. ಗಂಡು ಮೇಕೆ ತಿಣುಕುತ್ತಿದೆ ಅಂದರೆ, ಬೇರೆ ಅಂತ ಗೊತ್ತಾಗುವ ತನಕ ಇದನ್ನೇ ಮೊದಲು ಅನುಮಾನಿಸಬೇಕು. ನಾಳೆ ಬೆಳಿಗ್ಗೆ ತನಕ ಕಾಯುವ ಕಾಯಿಲೆ ಇದಲ್ಲ. ಈಗಲೇ ಗಾಡಿಗೆ ಹತ್ತಿಸಿ.

ಎಣ್ಣೆ ಬೇಡ. ಉಚ್ಚೆ ಇಳಿಸುವ ಇಂಜೆಕ್ಷನ್ ಯಾರಾದರೂ ಹೇಳಿದರೆ ಅದಂತೂ ಬೇಡವೇ ಬೇಡ. ಕೆಳಗೆ ದಾರಿ ಮುಚ್ಚಿರುವಾಗ ಮೇಲಿಂದ ನೀರು ಜಾಸ್ತಿ ಮಾಡಿದರೆ ಮೂತ್ರಚೀಲ ಒಡೆಯುತ್ತದೆ. ಬಾಯಿಗೆ ಹಿಡಿದು ನೀರು ಸುರಿಯುವುದೂ ಅದೇ ಲೆಕ್ಕ. ಅವನಾಗಿ ಕುಡಿದರೆ ಕುಡಿಯಲಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಕಿಡ್ನಿ ಮೊದಲೇ ಒದ್ದಾಡುತ್ತಿರುತ್ತದೆ. ಹೊಟ್ಟೆಯನ್ನು ಒತ್ತಿ ನೋಡಬೇಡಿ.

ಹೊರಡುವ ಮುಂಚೆ ಫೋನ್ ಮಾಡಿ "ಗಂಡು ಮೇಕೆ, ಮೂತ್ರ ನಿಂತಿದೆ, ಇಷ್ಟು ಗಂಟೆಯಾಯಿತು" ಅಂತ ಹೇಳಿ. ಅಲ್ಟ್ರಾಸೌಂಡ್ ಇರುವ ಕಡೆಗೆ ಹೋದರೆ ಒಳ್ಳೆಯದು. ಆ ಬಿಳಿ ಹರಳನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಳ್ಳಿ.

ಕರಿಯನ ಯಜಮಾನ | ಸಂಜೆ 6:30

ಹೊರಟೆ.

ಟಗರುಪ್ರಿಯ | ಸಂಜೆ 6:44

ತಪ್ಪು ಹೇಳಿಬಿಟ್ಟೆ, ಕ್ಷಮಿಸಿ. ನಮ್ಮ ಟಗರಿಗೆ ನಿಜವಾಗಿಯೂ ಹೊಟ್ಟೆಯೇ ಕಟ್ಟಿತ್ತು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದಲ್ಲ ಮೇಡಂ, ಹೇಗೆ ಗುರುತಿಸುವುದು?

ಮೆಲುಕು | ರಾತ್ರಿ 8:10

ಅದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ಬೆಲೆ ತೆತ್ತು ಕಲಿತಿದ್ದೇನೆ.

ನನ್ನ ಬಳಿ ಒಬ್ಬ ದೊಡ್ಡ ಹೋತ ಇದ್ದ. ಒಂದು ದಿನ ಹೀಗೇ ತಿಣುಕಿದ. ಕರೆದುಕೊಂಡು ಹೋದ ಕಡೆ ಹೊಟ್ಟೆ ಮುಟ್ಟಿ ನೋಡಿ ಭೇದಿಗೆ ಔಷಧಿ ಕೊಟ್ಟು ಕಳಿಸಿದರು. ಮಾರನೇ ದಿನವೂ ಅದೇ ಔಷಧಿ. ಯಾರೂ ಅವನ ಹಿಂದೆ ಐದು ನಿಮಿಷ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಮೂರನೇ ದಿನ ಬೆಳಿಗ್ಗೆ ನೋಡಿದರೆ ತಿಣುಕುವುದು ನಿಂತಿತ್ತು. ನರಳಾಟ ಇಲ್ಲ. ಆರಾಮಾಗಿ ಮಲಗಿದ್ದ. ಅಬ್ಬಾ, ಔಷಧಿ ಹಿಡಿಯಿತು ಅಂತ ಕಾಫಿ ಮಾಡಿಕೊಂಡು ಕುಡಿದೆ. ಆವತ್ತಿನ ಆ ಕಾಫಿ ನನಗೆ ಇನ್ನೂ ನೆನಪಿದೆ.

ಮೂತ್ರಚೀಲ ಒಡೆದಿತ್ತು. ಅದಕ್ಕೇ ನೋವು ನಿಂತಿದ್ದು. ಸಂಜೆ ಹೊತ್ತಿಗೆ ಹೊಟ್ಟೆ ಎರಡೂ ಪಕ್ಕ ಕೆಳಗೆ ಪೇರಳೆ ಹಣ್ಣಿನ ಥರ ಇಳಿಬಿದ್ದಿತ್ತು. ಹೊಟ್ಟೆ ಉಬ್ಬರ ಆದರೆ ಎಡಗಡೆ ಮೇಲೆ ಉಬ್ಬುತ್ತದೆ, ಬಡಿದರೆ ತಮಟೆ ಸದ್ದು. ಇದು ಹಾಗಲ್ಲ, ಒಳಗೆ ನೀರು ತುಳುಕುತ್ತದೆ. ಮಾರನೇ ದಿನ ಹೋದ.

ಹೊಟ್ಟೆ ಕಟ್ಟಿದ ಮೇಕೆ ಉಚ್ಚೆಯನ್ನು ಚೆನ್ನಾಗಿಯೇ ಹೊಯ್ಯುತ್ತದೆ. ಅಷ್ಟೇ ವ್ಯತ್ಯಾಸ. ನೋಡಬೇಕು, ನೋಡಿ ಗೊತ್ತು ಮಾಡಿಕೊಳ್ಳಬೇಕು.

ಹಸಿರು ಏಪ್ರನ್ | ರಾತ್ರಿ 8:32

ಮೆಲುಕು ಅವರು ಹೇಳಿದ "ಇದ್ದಕ್ಕಿದ್ದಂತೆ ಆರಾಮಾಯಿತು" ಅನ್ನುವುದೇ ಇದರಲ್ಲಿ ಎಲ್ಲಕ್ಕಿಂತ ಕೆಟ್ಟ ಸುದ್ದಿ. ಇನ್ನೊಂದು ಥರವೂ ಇದೆ. ಚೀಲದ ಬದಲು ಮೂತ್ರನಾಳವೇ ಒಡೆಯಬಹುದು. ಆಗ ಉಚ್ಚೆ ಚರ್ಮದ ಕೆಳಗೆ ಸೋರಿ ಹೊಟ್ಟೆಯಡಿ ಬಾತುಕೊಳ್ಳುತ್ತದೆ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಪೂರ್ತಿ ಕಟ್ಟಿದ ಮೇಲೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಈ ಎರಡರಲ್ಲಿ ಒಂದು ಆಗುತ್ತದೆ.

ಹೊಸ ಮೇಕೆಯವಳು | ರಾತ್ರಿ 8:40

ಗಂಡಿಗೇ ಯಾಕೆ ಮೇಡಂ? ನನ್ನ ಹತ್ತಿರ ನಾಲ್ಕು ಹೆಣ್ಣು, ಒಂದು ಗಂಡು. ಎಲ್ಲಕ್ಕೂ ಒಂದೇ ತಿಂಡಿ.

ಹಸಿರು ಏಪ್ರನ್ | ರಾತ್ರಿ 9:05

ಹೆಣ್ಣಿಗೂ ಹರಳು ಆಗುತ್ತದೆ. ಆದರೆ ಅದರ ಮೂತ್ರನಾಳ ಗಿಡ್ಡ, ಅಗಲ. ಹರಳು ಉಚ್ಚೆಯ ಜೊತೆ ಹೊರಗೆ ಹೋಗಿಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗಂಡಿನದು ಉದ್ದ, ಸಣ್ಣ. ಮಧ್ಯದಲ್ಲಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಎರಡು ತಿರುವು. ತುದಿಯಲ್ಲಿ ಹುಳದಂಥ ಒಂದು ಸಣ್ಣ ಬಾಲ ಇರುತ್ತದೆ, ಶಿಶ್ನದ ತಲೆಯಿಂದ ಆಚೆಗೆ ಚಾಚಿಕೊಂಡಿರುತ್ತದೆ. ದಾರಿಯ ಅತಿ ಕಿರಿದಾದ ಜಾಗ ಅದೇ. ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆ ಬಾಲದಲ್ಲಿ, ಇಲ್ಲವಾದರೆ ತಿರುವಿನಲ್ಲಿ.

ಬೀಜ ಒಡೆಸಿದ್ದಕ್ಕೆ ಇನ್ನೂ ಕಷ್ಟ. ಗಂಡು ಹಾರ್ಮೋನು ಬಂದರೆ ಆ ನಾಳ ಅಗಲವಾಗುತ್ತದೆ. ಎಳೆಯದರಲ್ಲೇ ಬೀಜ ಒಡೆಸಿದರೆ ಅದು ಮರಿಯ ನಾಳದಷ್ಟೇ ಉಳಿಯುವ ಸಂಭವ ಜಾಸ್ತಿ.

ಕರಿಯನ ಯಜಮಾನ | ರಾತ್ರಿ 11:15

ಮನೆಗೆ ಬಂದೆವು. ಕರಿಯ ಉಚ್ಚೆ ಹೊಯ್ದ! ಅಲ್ಲಿಯ ಡಾಕ್ಟ್ರ ಶರ್ಟಿನ ಮೇಲೇ ಹೊಯ್ದ. ಅವರು ನಕ್ಕರು, ನಾನು ಅತ್ತೆ.

ಮೊದಲು ಅಲ್ಟ್ರಾಸೌಂಡ್ ಮಾಡಿದರು. ಚೀಲ ಬಲೂನಿನ ಹಾಗೆ ಇತ್ತು, ಒಡೆದಿರಲಿಲ್ಲ. ಸ್ವಲ್ಪ ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಅಂಡಿನ ಮೇಲೆ ಕೂರಿಸಿ, ಶಿಶ್ನವನ್ನು ಹೊರಗೆ ತೆಗೆದರು. ಮೇಡಂ ಹೇಳಿದ ಆ ಬಾಲ ಕಪ್ಪು ನೀಲಿ ಆಗಿತ್ತು, ಒಳಗೆ ಮರಳು ತುಂಬಿತ್ತು. ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸಿಬಿಟ್ಟರು. ಕೂಡಲೇ ಚಿಮ್ಮಿತು. ಸಲೈನ್ ಹಾಕಿದ್ದಾರೆ, ರಕ್ತ ತೆಗೆದುಕೊಂಡಿದ್ದಾರೆ. ಎಲ್ಲರಿಗೂ ಕೈ ಮುಗಿದೆ.

ಹಿಕ್ಕೆಗೊಬ್ಬರ | ರಾತ್ರಿ 11:20

ಭೇಷ್! ಗಂಡಸಿನ ಬಾಲ ಹೋದರೂ ಜೀವ ಉಳಿಯಿತು. ಆ ತುದಿ ಇಲ್ಲದಿದ್ದರೂ ಏನೂ ತೊಂದರೆ ಇಲ್ಲ. ಬೀಜದ ಹೋತಗಳೂ ಆಮೇಲೆ ಮರಿ ಕಟ್ಟಿಸುತ್ತವೆ.

ಹಸಿರು ಏಪ್ರನ್ | ರಾತ್ರಿ 11:34

ತುಂಬಾ ಸಂತೋಷ. ಆದರೆ ಇವತ್ತು ರಾತ್ರಿ, ನಾಳೆ, ನಾಳಿದ್ದು ಅವನ ಮೇಲೆ ಕಣ್ಣಿಟ್ಟಿರಿ. ಬಾಲ ಕತ್ತರಿಸಿದರೆ ಸುಮಾರು ಅರ್ಧದಷ್ಟು ಮೇಕೆಗಳಿಗೆ ಆ ಕ್ಷಣಕ್ಕೆ ದಾರಿ ಬಿಡುತ್ತದೆ. ಆದರೆ ಚೀಲದೊಳಗೆ ಇನ್ನೂ ಮರಳು ಇರುತ್ತದೆ. ಅದು ಇಳಿದು ಬಂದು ಮೇಲಿನ ತಿರುವಿನಲ್ಲಿ ಮತ್ತೆ ಸಿಕ್ಕಿಕೊಳ್ಳುವುದು ಬಹಳ ಮಾಮೂಲು. ಸಾಧ್ಯವಾದರೆ ನೆಲಕ್ಕೆ ಹುಲ್ಲು ಹಾಸದೆ, ಗಟ್ಟಿ ಒಣ ನೆಲದ ಮೇಲೆ ಬಿಡಿ. ಹೊಯ್ದಿದ್ದು ಕಾಣಬೇಕು.

ಕರಿಯನ ಯಜಮಾನ | 3ನೇ ದಿನ, ಬೆಳಿಗ್ಗೆ 7:10

ಮೇಡಂ, ನೀವು ಹೇಳಿದ ಹಾಗೇ ಆಯಿತು. ನಿನ್ನೆ ಪೂರ್ತಿ ಚೆನ್ನಾಗಿದ್ದ. ಬೆಳಗಿನ ಜಾವದಿಂದ ಮತ್ತೆ ಹನಿ ಹನಿ. ಡಾಕ್ಟ್ರು ಬರಲು ಹೇಳಿದ್ದಾರೆ. ಆಪರೇಷನ್ ಅನ್ನುತ್ತಿದ್ದಾರೆ. ನಾಯಿಗೆ, ಮನುಷ್ಯರಿಗೆ ಟ್ಯೂಬ್ ಹಾಕುತ್ತಾರಲ್ಲ ಕೆಳಗಿನಿಂದ, ಅದು ಆಗಲ್ವಾ?

ಹಸಿರು ಏಪ್ರನ್ | ಬೆಳಿಗ್ಗೆ 7:25

ಆಗುವುದು ಕಷ್ಟ. ಹೋತದ ಮೂತ್ರನಾಳದಲ್ಲಿ, ಹಿಂಭಾಗದ ಬಾಲದ (ಕತ್ತರಿಸಿದ ಆ ಸಣ್ಣ ಬಾಲ ಅಲ್ಲ) ಬುಡದ ಕೆಳಗೆ ಮೂಳೆಯ ಬಳಿ ತಿರುಗುವ ಕಡೆ, ಒಂದು ಕುರುಡು ಜೇಬು ಇರುತ್ತದೆ. ಕೆಳಗಿನಿಂದ ಹಾಕಿದ ಟ್ಯೂಬು ಸೀದಾ ಆ ಜೇಬಿಗೆ ಹೋಗಿ ನಿಲ್ಲುತ್ತದೆ, ಚೀಲಕ್ಕೆ ಹೋಗುವುದಿಲ್ಲ. ಬಲವಂತ ಮಾಡಿದರೆ, ಇಲ್ಲವೇ ಜೋರಾಗಿ ನೀರು ಹಾಯಿಸಿದರೆ, ಬಾತಿರುವ ನಾಳ ಹರಿಯಬಹುದು.

ಮುಂದೆ ಇರುವ ದಾರಿಗಳು ಇವು. ನಿಮ್ಮ ಡಾಕ್ಟ್ರ ಹತ್ತಿರ ಕೂತು ಮಾತಾಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೊಟ್ಟೆಯ ಮೂಲಕ ಚೀಲಕ್ಕೆ ಟ್ಯೂಬ್ ಹಾಕಿಸುತ್ತೇನೆ. ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ಚೀಲದಲ್ಲಿರುವ ಕಲ್ಲನ್ನೆಲ್ಲ ತೊಳೆದು ತೆಗೆದು, ತುದಿಯಲ್ಲಿ ಬಲೂನು ಇರುವ ಫೋಲಿ ಟ್ಯೂಬನ್ನು ಚೀಲದೊಳಗೆ ಕೂರಿಸಿ, ಹೊಟ್ಟೆಯ ಗೋಡೆಯಿಂದ ಹೊರಗೆ ತರುತ್ತಾರೆ. ಉಚ್ಚೆ ಅದರಿಂದ ಹನಿಯುತ್ತಿರುತ್ತದೆ. ಕೆಳಗಿನ ನಾಳಕ್ಕೆ ರಜ. ಬಾವು ಇಳಿಯುತ್ತದೆ, ಸಿಕ್ಕಿಕೊಂಡ ಕಲ್ಲು ಕರಗಿಯೋ ಸರಿದೋ ದಾರಿ ಬಿಡುತ್ತದೆ. ಕೆಲವು ದಿನ ಕಳೆದ ಮೇಲೆ ಟ್ಯೂಬಿಗೆ ಕ್ಲಿಪ್ ಹಾಕಿ, ಸ್ವಂತ ದಾರಿಯಲ್ಲಿ ಹೊಯ್ಯುತ್ತಾನಾ ಅಂತ ನೋಡುವುದು. ಹೆಚ್ಚಿನವಕ್ಕೆ ಎರಡು ವಾರದ ಆಸುಪಾಸಿನಲ್ಲಿ ದಾರಿ ಬಿಡುತ್ತದೆ. ಕೆಲವಕ್ಕೆ ಇನ್ನೂ ಜಾಸ್ತಿ ದಿನ. ಕೆಲವಕ್ಕೆ ಬಿಡುವುದೇ ಇಲ್ಲ.

ಆಪರೇಷನ್ ಮಾಡುವ ಸ್ಥಿತಿ ಇಲ್ಲದಿದ್ದರೆ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಲ್ಲಿ ಚೀಲದ ಉಚ್ಚೆ ತೆಗೆದು, ವಾಲ್‌ಪೋಲ್ ದ್ರಾವಣ ಅನ್ನುವ ಹುಳಿ ದ್ರಾವಣವನ್ನು ಒಳಗೆ ಬಿಡುವ ಕ್ರಮ ಇದೆ. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 4.5 (7ಕ್ಕಿಂತ ಕಡಿಮೆ ಹುಳಿ, ಜಾಸ್ತಿ ಕ್ಷಾರ). ಹುಳಿಗೆ ಕರಗುವ ಜಾತಿಯ ಕಲ್ಲಾದರೆ ಮಾತ್ರ ಕೆಲಸ ಮಾಡುತ್ತದೆ.

ಹಿಂಭಾಗದಲ್ಲಿ, ಬಾಲದ ಕೆಳಗೆ ಹೊಸ ದ್ವಾರ ಮಾಡುವ ಆಪರೇಷನ್ನೂ ಇದೆ. ಬೇಗ ಮುಗಿಯುತ್ತದೆ. ಆದರೆ ಕಾಲ ಕಳೆದಂತೆ ಆ ದ್ವಾರ ಕಿರಿದಾಗುತ್ತಾ ಮುಚ್ಚಿಕೊಳ್ಳುವುದು ಜಾಸ್ತಿ. ಸಾಕುವ ಮೇಕೆಗೆ ನಾನು ಅದನ್ನು ಕೊನೆಗೆ ಇಡುತ್ತೇನೆ. ಚೀಲವನ್ನೇ ಹೊಟ್ಟೆಯ ಚರ್ಮಕ್ಕೆ ಹೊಲಿದು ಬಾಯಿ ಮಾಡುವುದೂ ಉಂಟು. ಆಗ ಜೀವಮಾನವಿಡೀ ಉಚ್ಚೆ ಸೋರುತ್ತಿರುತ್ತದೆ, ಚರ್ಮ ಬೇಯುತ್ತದೆ, ದಿನಾ ತೊಳೆಯಬೇಕು.

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕಬೇಕಾದ ಕಸ) ಎಷ್ಟಿದೆ ಕೇಳಿ. ಎಷ್ಟು ಧೈರ್ಯ ಮಾಡಬಹುದು ಅಂತ ಅದು ಹೇಳುತ್ತದೆ.

ಲೆಕ್ಕದ ಬುಕ್ಕು | ಬೆಳಿಗ್ಗೆ 9:40

ಅವರು ಆಸ್ಪತ್ರೆಯಲ್ಲಿರಲಿ. ಉಳಿದವರು ಒಂದು ಪ್ರಶ್ನೆ ಕೇಳಿಲ್ಲ. ಕರಿಯ ಏನು ತಿನ್ನುತ್ತಿದ್ದ?

ಕರಿಯನ ಯಜಮಾನ | ಮಧ್ಯಾಹ್ನ 2:15

ಆಪರೇಷನ್ ಮುಗಿಯಿತು. ಟ್ಯೂಬ್ ಹಾಕಿದ್ದಾರೆ. ಚೀಲದಿಂದ ಒಂದು ಚಮಚದಷ್ಟು ಮರಳು, ಬಟಾಣಿಗಿಂತ ಸಣ್ಣ ನಾಲ್ಕು ಕಲ್ಲು ಬಂತು. ಇನ್ನೂ ತೂಗಾಡುತ್ತಿದ್ದಾನೆ, ಆದರೆ ನನ್ನ ಧ್ವನಿಗೆ ಕಿವಿ ಎತ್ತಿದ.

ತಿಂಡಿ ಕೇಳಿದ್ದಿರಿ. ಬೆಳಿಗ್ಗೆ, ಸಂಜೆ ಸೇರಿ ದಿನಕ್ಕೆ 300 ಗ್ರಾಂ ಗೋಧಿ ಬೂಸಾ, 200 ಗ್ರಾಂ ಮೆಕ್ಕೆಜೋಳದ ನುಚ್ಚು. ಮೇಲೆ ಸ್ವಲ್ಪ ಒಣಹುಲ್ಲು, ಅದನ್ನು ಅವನು ಅಷ್ಟಾಗಿ ತಿನ್ನುವುದಿಲ್ಲ. ಒಳ್ಳೆಯದನ್ನೇ ಹಾಕುತ್ತಿದ್ದೆ. ಮೈ ಮಿರಮಿರ ಮಿಂಚುತ್ತಿತ್ತು.

ಲೆಕ್ಕದ ಬುಕ್ಕು | ಮಧ್ಯಾಹ್ನ 3:05

ಅಲ್ಲೇ ಇದೆ ಕಲ್ಲಿನ ಕಾರ್ಖಾನೆ.

ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ಶೇ. 1.1ರ ಆಸುಪಾಸು, ಕ್ಯಾಲ್ಸಿಯಂ ಶೇ. 0.13ರಷ್ಟು. 300 ಗ್ರಾಂಗೆ ರಂಜಕ 3.3 ಗ್ರಾಂ, ಕ್ಯಾಲ್ಸಿಯಂ 0.4 ಗ್ರಾಂ. ಮೆಕ್ಕೆಜೋಳದಲ್ಲಿ ರಂಜಕ ಶೇ. 0.3, ಕ್ಯಾಲ್ಸಿಯಂ ಇದ್ದೂ ಇಲ್ಲದ ಹಾಗೆ. 200 ಗ್ರಾಂಗೆ ರಂಜಕ 0.6 ಗ್ರಾಂ. ಒಟ್ಟು ರಂಜಕ 3.9, ಕ್ಯಾಲ್ಸಿಯಂ ಅರ್ಧ ಗ್ರಾಂಗೂ ಕಡಿಮೆ. ಇರಬೇಕಾದ್ದು ಕ್ಯಾಲ್ಸಿಯಂ ಎರಡು ಪಾಲು, ರಂಜಕ ಒಂದು ಪಾಲು. ನಿಮ್ಮಲ್ಲಿ ಕ್ಯಾಲ್ಸಿಯಂ ಒಂದು ಪಾಲಿಗೆ ರಂಜಕ ಎಂಟು ಪಾಲು ದಾಟಿದೆ. ಪೂರ್ತಿ ತಲೆಕೆಳಗು.

ಹಾಗಾದರೆ ಸುಣ್ಣದ ಕಲ್ಲಿನ ಪುಡಿ ದಿನಕ್ಕೆ 20 ಗ್ರಾಂ ಬೆರೆಸಿದರೆ ಲೆಕ್ಕ ಸರಿ ಹೋಗುತ್ತದೆ. ಮೇಡಂ, ಸರಿನಾ?

ಹಸಿರು ಏಪ್ರನ್ | ಸಂಜೆ 4:20

ಕಾಗದದ ಮೇಲೆ ಸರಿ. ಮೇಕೆ ಕಾಗದದ ಪ್ರಕಾರ ತಿನ್ನುವುದಿಲ್ಲ. ಪುಡಿಯನ್ನು ಗೋದಲಿಯ ತಳದಲ್ಲಿ ಬಿಟ್ಟು ಬೂಸಾ ಮಾತ್ರ ನೆಕ್ಕಿ ಹೋಗುತ್ತದೆ. ಕೊಬ್ಬಿಸುವ ಹೋತಗಳಿಗೆ ದಾಣಿ ಹಾಕಲೇಬೇಕು ಅನ್ನುವವರು ಸುಣ್ಣದ ಕಲ್ಲಿನ ಪುಡಿ ಸೇರಿಸಿ, ಚೆನ್ನಾಗಿ ಕಲಸಿ ಕೊಡಲಿ. ಸುಮ್ಮನೆ ಮನೆಯಲ್ಲಿರುವ ಬೀಜ ಒಡೆಸಿದ ಹೋತಕ್ಕೆ ದಾಣಿ ಯಾಕೆ ಬೇಕು? ಹಾಲು ಕೊಡಬೇಕಾ, ಗಬ್ಬ ಕಟ್ಟಬೇಕಾ? ಒಳ್ಳೆಯ ಹುಲ್ಲು, ಸೊಪ್ಪು, ನೀರು, ಉಪ್ಪು ಸಾಕು.

ಲೆಕ್ಕದಲ್ಲಿ ಬರದ ಇನ್ನೊಂದು ವಿಷಯ ಇದೆ, ಅದು ಜೊಲ್ಲು. ಮೆಲುಕು ಹಾಕುವ ಪ್ರಾಣಿ ಹೆಚ್ಚಿನ ರಂಜಕವನ್ನು ಉಚ್ಚೆಯಲ್ಲಿ ಬಿಡುವುದಿಲ್ಲ. ಜೊಲ್ಲಿನಲ್ಲಿ ಬಿಟ್ಟು, ನುಂಗಿ, ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಉದ್ದ ನಾರಿನ ಹುಲ್ಲು ತಿಂದರೆ ಗಂಟೆಗಟ್ಟಲೆ ಮೆಲುಕು, ಬಾಯಿ ತುಂಬಾ ಜೊಲ್ಲು. ನುಚ್ಚು, ಬೂಸಾ, ಗುಳಿಗೆ ಆಹಾರ ಎರಡು ನಿಮಿಷದಲ್ಲಿ ಖಾಲಿ. ಮೆಲುಕು ಕಡಿಮೆ, ಜೊಲ್ಲು ಕಡಿಮೆ. ಆಗ ರಂಜಕ ಉಚ್ಚೆಯ ದಾರಿ ಹಿಡಿಯುತ್ತದೆ. ಮೇಕೆಯ ಉಚ್ಚೆ ಮೊದಲೇ ಕ್ಷಾರ. ಅಲ್ಲಿ ಮೆಗ್ನೀಸಿಯಂ, ಅಮೋನಿಯಂ, ರಂಜಕ ಮೂರೂ ಸೇರಿ ಸ್ಟ್ರುವೈಟ್ ಅನ್ನುವ ಹರಳು ಕಟ್ಟುತ್ತದೆ. ಕರಿಯನ ಹರಳು ಅದೇ ಇರಬೇಕು. ಆದರೂ ಕಲ್ಲನ್ನು ಪರೀಕ್ಷೆಗೆ ಕಳಿಸಿ, ಊಹೆಯ ಮೇಲೆ ಮುಂದಿನ ಔಷಧಿ ಬೇಡ.

ಮತ್ತೆ, ದಿನಕ್ಕೆರಡು ಹೊತ್ತು ಗಬಗಬ ತಿನ್ನಿಸುವುದೂ ಒಳ್ಳೆಯದಲ್ಲ. ತಿಂದ ತಕ್ಷಣ ಸ್ವಲ್ಪ ಹೊತ್ತು ಉಚ್ಚೆ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಮುಂದೆ ಯಾವಾಗಲೂ ಹುಲ್ಲು ಇದ್ದರೆ ಈ ಏರಿಳಿತ ಇರುವುದಿಲ್ಲ.

ಮೆಲುಕು | ಸಂಜೆ 4:41

ಮೈ ಮಿಂಚುತ್ತಿತ್ತು ಅಂದನಲ್ಲ, ಅದು ಕೇಳಿ ಕರುಳು ಚುರ್ ಅಂತು. ನಮ್ಮವನೂ ಮಿಂಚುತ್ತಿದ್ದ.

ಹೊಸ ಮೇಕೆಯವಳು | ಸಂಜೆ 5:12

ನಾನು ಲವಣ ಮಿಶ್ರಣ ಹಾಕುತ್ತೇನೆ. ಅದರಲ್ಲಿ ಕ್ಯಾಲ್ಸಿಯಂ ಇದೆ ಅಂತ ಧೈರ್ಯ. ಸಾಕಲ್ವಾ?

ಲೆಕ್ಕದ ಬುಕ್ಕು | ಸಂಜೆ 5:20

ಚೀಟಿ ಓದಿ. ಡೈಕ್ಯಾಲ್ಸಿಯಂ ಫಾಸ್ಫೇಟ್ ಅಂತ ಇದ್ದರೆ ಕ್ಯಾಲ್ಸಿಯಂ ಜೊತೆಗೆ ರಂಜಕವೂ ಬಂತು. ಬೂಸಾ ತಿನ್ನುವ ಹೋತಕ್ಕೆ ಇನ್ನಷ್ಟು ರಂಜಕ ಬೇಕಾ?

ಹೊಸ ಮೇಕೆಯವಳು | ಸಂಜೆ 5:33

ಇದೆ. ಎರಡನೇ ಸಾಲಿನಲ್ಲೇ ಇದೆ. ಅಯ್ಯೋ. ಬೂಸಾ ಬಿಟ್ಟು ಬರೀ ಕುದುರೆ ಮಸಾಲೆ ಸೊಪ್ಪು ಹಾಕಿದರೆ? ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತಾರೆ.

ಹಸಿರು ಏಪ್ರನ್ | ಸಂಜೆ 5:50

ಈ ಗುಂಡಿಯಿಂದ ಎದ್ದು ಆ ಗುಂಡಿಗೆ ಬಿದ್ದ ಹಾಗೆ. ಕುದುರೆ ಮಸಾಲೆಯಂಥ ದ್ವಿದಳ ಸೊಪ್ಪನ್ನೇ ಮುಖ್ಯ ಆಹಾರ ಮಾಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು ಕಟ್ಟಬಹುದು. ಚಿನ್ನದ ಬಣ್ಣದ ಸಣ್ಣ ಗುಂಡುಗಳು, ನೋಡಲು ಚೆಂದ. ಆದರೆ ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ, ಸ್ಟ್ರುವೈಟ್ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಹಾಲು ಕೊಡುವ ಹೆಣ್ಣಿಗೆ ಆ ಸೊಪ್ಪು ಚಿನ್ನ. ದೊಡ್ಡ ಹೋತಕ್ಕೆ ಹುಲ್ಲೇ ಮುಖ್ಯ, ಇದು ಅಪರೂಪಕ್ಕೆ ರುಚಿಗೆ.

ಹಿಕ್ಕೆಗೊಬ್ಬರ | ರಾತ್ರಿ 9:15

ಇಷ್ಟೆಲ್ಲ ಯಾಕೆ? ಅಮೋನಿಯಂ ಕ್ಲೋರೈಡ್ ಹಾಕಿ. ನಾನು ವರ್ಷಪೂರ್ತಿ ದಾಣಿಯಲ್ಲಿ ಬೆರೆಸುತ್ತೇನೆ. ಒಂದಕ್ಕೂ ಉಚ್ಚೆ ಕಟ್ಟಿಲ್ಲ.

ಟಗರುಪ್ರಿಯ | ರಾತ್ರಿ 9:22

ಅದು ಬೆಸುಗೆ ಹಾಕುವವರು ಬಳಸುವ ನವಸಾಗರ ಅಲ್ವಾ?

ಹಸಿರು ಏಪ್ರನ್ | 4ನೇ ದಿನ, ಬೆಳಿಗ್ಗೆ 6:50

ಹೌದು, ಅದೇ ನವಸಾಗರ. ಆದರೆ ಬೆಸುಗೆಗೆ ಮಾರುವುದನ್ನು ಹಾಕಬೇಡಿ, ಅದರಲ್ಲಿ ಬೇರೆ ಏನೇನು ಸೇರಿರುತ್ತದೋ. ಪಶು ಆಹಾರಕ್ಕೆ ಅಂತಲೇ ಬರುವುದನ್ನು ಕೇಳಿ ತೆಗೆದುಕೊಳ್ಳಿ.

ಅದು ಉಚ್ಚೆಯನ್ನು ಹುಳಿ ಮಾಡುತ್ತದೆ. ಉಚ್ಚೆಯ ಪಿಎಚ್ 6ರಿಂದ 6.5ಕ್ಕೆ ಬಂದರೆ ಸ್ಟ್ರುವೈಟ್ ಕಟ್ಟುವುದಿಲ್ಲ, ಇದ್ದದ್ದೂ ಕರಗತೊಡಗುತ್ತದೆ. ದಿನಕ್ಕೆ ಕೆ.ಜಿ. ತೂಕಕ್ಕೆ 200 ಮಿಲಿಗ್ರಾಂನಿಂದ ಶುರು ಮಾಡುತ್ತೇವೆ. ಕರಿಯನ ತೂಕಕ್ಕೆ 7 ಗ್ರಾಂ. ರುಚಿ ಕೆಟ್ಟದಾಗಿರುತ್ತದೆ, ಬೆಲ್ಲದ ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ಕುಡಿಸಬೇಕಾಗುತ್ತದೆ. ಅಂದಾಜಿನ ಮೇಲೆ ಬೇಡ. ಲಿಟ್ಮಸ್ ಥರದ ಪಿಎಚ್ ಪಟ್ಟಿ ಸಿಗುತ್ತದೆ, ಉಚ್ಚೆಗೆ ಹಿಡಿದು ಬಣ್ಣ ನೋಡಿ ಪ್ರಮಾಣ ಹೊಂದಿಸಿ.

ಈಗ ಹಿಕ್ಕೆಗೊಬ್ಬರ ಅಣ್ಣನಿಗೆ ಸ್ವಲ್ಪ ಜಗಳ. ವರ್ಷಪೂರ್ತಿ ಒಂದೇ ಸಮ ಹಾಕಿದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಉಚ್ಚೆ ಮತ್ತೆ ಕ್ಷಾರಕ್ಕೆ ಮರಳುತ್ತದೆ. ಆ ಹುಳಿಯನ್ನು ಸರಿದೂಗಿಸಲು ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಆಕ್ಸಲೇಟ್ ಕಲ್ಲಿಗೆ, ಸಿಲಿಕಾ ಕಲ್ಲಿಗೆ ಇದರಿಂದ ಉಪಯೋಗವೂ ಇಲ್ಲ. ಅದಕ್ಕೇ ಕೆಲವರು ವಾರದಲ್ಲಿ ಮೂರು ದಿನ ಕೊಟ್ಟು ನಾಲ್ಕು ದಿನ ಬಿಡುತ್ತಾರೆ. ನಿಮ್ಮ ಹೋತಗಳಿಗೆ ಕಟ್ಟದಿರುವುದು ನವಸಾಗರದಿಂದಲೋ, ನೀವು ಅವನ್ನು ದಿನವಿಡೀ ಮೇಯಲು ಬಿಡುವುದರಿಂದಲೋ? ನನಗೆ ಎರಡನೆಯದರ ಮೇಲೆ ಅನುಮಾನ.

ಹಿಕ್ಕೆಗೊಬ್ಬರ | ಬೆಳಿಗ್ಗೆ 7:30

ಮೇಯುವುದಂತೂ ಹೌದು. ಬೆಳಿಗ್ಗೆ ಬಿಟ್ಟರೆ ಸಂಜೆಯೇ ಬರುವುದು. ಸರಿ ತಾಯಿ, ಪಟ್ಟಿ ತಂದು ನೋಡುತ್ತೇನೆ. ಕ್ಷಾರವೇ ಇದ್ದರೆ ಮುಖ ಮುಚ್ಚಿಕೊಂಡು ಇಲ್ಲಿ ಬಂದು ಹೇಳುತ್ತೇನೆ.

ಟಗರುಪ್ರಿಯ | ಬೆಳಿಗ್ಗೆ 8:02

ಹಾಗಾದರೆ ಬೀಜ ಯಾವಾಗ ಒಡೆಸಬೇಕು? ಆರು ತಿಂಗಳು ಕಾಯಬೇಕು ಅಂತ ಒಬ್ಬರು, ಎಳೆಯದರಲ್ಲೇ ಮಾಡಿಸಿದರೆ ನೋವು ಕಡಿಮೆ ಅಂತ ಇನ್ನೊಬ್ಬರು.

ಹಸಿರು ಏಪ್ರನ್ | ಬೆಳಿಗ್ಗೆ 8:45

ಇಬ್ಬರದೂ ಅರ್ಧ ನಿಜ. ತಡ ಮಾಡಿದರೆ ನಾಳ ಸ್ವಲ್ಪ ಅಗಲವಾಗುತ್ತದೆ. ಆದರೆ ಗಂಡು ಮರಿಗಳು ಮೂರು ನಾಲ್ಕು ತಿಂಗಳಿಗೇ ಹೆಣ್ಣು ಹತ್ತತೊಡಗುತ್ತವೆ, ತಾಯಿ, ತಂಗಿ ನೋಡುವುದಿಲ್ಲ. ಬೇರೆ ಕಟ್ಟುವ ಜಾಗ ಬೇಕು. ದೊಡ್ಡದಾದ ಮೇಲೆ ಅರಿವಳಿಕೆ, ನೋವಿನ ಔಷಧಿ ಇಲ್ಲದೆ ಮಾಡಿಸಲೇಬಾರದು. ಸಾಕಲು ಇಟ್ಟುಕೊಳ್ಳುವ ಮರಿಯಾದರೆ ನಾಲ್ಕೈದು ತಿಂಗಳು ಕಾಯಿರಿ ಅನ್ನುತ್ತೇನೆ. ಆದರೆ ಕಾದು ಒಡೆಸಿದೆ ಅಂತ ಬೂಸಾ ಸುರಿದರೆ ಅದಕ್ಕೂ ಕಟ್ಟುತ್ತದೆ. ಬೀಜದ ಹೋತಕ್ಕೂ ಕಟ್ಟುತ್ತದೆ.

ಕರಿಯನ ಯಜಮಾನ | 9ನೇ ದಿನ, ರಾತ್ರಿ 8:00

ಸುದ್ದಿ ಹೇಳದೆ ತುಂಬಾ ದಿನ ಆಯಿತು. ಟ್ಯೂಬ್ ಹನಿಯುತ್ತಿದೆ. ಟ್ಯೂಬಿನ ಸುತ್ತ ದಿನಕ್ಕೆರಡು ಸಲ ಒರೆಸುತ್ತೇನೆ. ಉಚ್ಚೆ ತಾಗಿ ಚರ್ಮ ಕೆಂಪಾಗಿತ್ತು, ಡಾಕ್ಟ್ರು ವ್ಯಾಸಲೀನ್ ಹಚ್ಚಲು ಹೇಳಿದರು. ಅವನ ಬಾಯಿಗೆ ಟ್ಯೂಬ್ ಸಿಗದ ಹಾಗೆ ಹಳೆಯ ಬನಿಯನ್ ತೊಡಿಸಿದ್ದೇನೆ. ಚೆನ್ನಾಗಿ ಕಾಣುತ್ತಾನೆ.

ನವಸಾಗರ 7 ಗ್ರಾಂ ಕುಡಿಸುತ್ತಿದ್ದೇನೆ. ಕುಡಿದ ಮೇಲೆ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಪಟ್ಟಿಯಲ್ಲಿ ಮೊದಲು 8 ತೋರಿಸುತ್ತಿತ್ತು, ಈಗ 6.5. ನಿನ್ನೆ ಟ್ಯೂಬಿಗೆ ಎರಡು ಗಂಟೆ ಕ್ಲಿಪ್ ಹಾಕಿದೆವು. ಕೆಳಗಿನಿಂದ ಏನೂ ಬರಲಿಲ್ಲ, ತಿಣುಕಲು ಶುರು ಮಾಡಿದ. ತೆಗೆದುಬಿಟ್ಟೆವು. ಮನಸ್ಸು ಕುಸಿದಿದೆ.

ಹಸಿರು ಏಪ್ರನ್ | ರಾತ್ರಿ 8:15

ಒಂಬತ್ತನೇ ದಿನಕ್ಕೆ ಬರದಿದ್ದರೆ ಸೋತ ಹಾಗಲ್ಲ. ತಿಣುಕಿದ ಕೂಡಲೇ ತೆಗೆದಿರಿ, ಅದು ಸರಿ. ಮೂರು ದಿನ ಬಿಟ್ಟು ಮತ್ತೆ ನೋಡಿ. ನೀರು ಎಷ್ಟು ಕುಡಿಯುತ್ತಿದ್ದಾನೆ?

ಕರಿಯನ ಯಜಮಾನ | ರಾತ್ರಿ 8:22

ಕಡಿಮೆಯೇ. ಚಳಿ ಇದೆ.

ಮೆಲುಕು | ರಾತ್ರಿ 8:30

ಉಗುರು ಬೆಚ್ಚಗೆ ಮಾಡಿ ಇಡು. ಮೇಕೆಗೆ ಹಸುವಿಗಿಂತ ಜಾಸ್ತಿ ಜಂಭ. ಬಕೆಟ್ಟಿನಲ್ಲಿ ಒಂದು ಹಿಕ್ಕೆ ತೇಲಿದರೂ ಮೂಗು ಮುರಿಯುತ್ತದೆ. ದಿನಕ್ಕೆ ಎರಡು ಸಲ ಬಕೆಟ್ ತಿಕ್ಕಿ ತೊಳಿ. ಒಂದು ಕಡೆ ಬೆಚ್ಚಗಿನದು, ಇನ್ನೊಂದು ಕಡೆ ತಣ್ಣಗಿನದು ಇಡು. ಹುಲ್ಲಿನ ಮೇಲೆ ಸ್ವಲ್ಪ ಉಪ್ಪುನೀರು ಚಿಮುಕಿಸು, ತಾನಾಗಿ ಕುಡಿಯುತ್ತಾನೆ. ನಾನು ಮುಂದೆ ಸಾಕಿದ ಎಲ್ಲ ಹೋತಗಳಿಗೂ ಇದನ್ನೇ ಮಾಡಿದ್ದು.

ಹಸಿರು ಏಪ್ರನ್ | ರಾತ್ರಿ 8:36

ಉಪ್ಪು ಹಾಕಬಹುದು. ಪಕ್ಕದಲ್ಲಿ ನೀರು ಯಾವಾಗಲೂ ತುಂಬಿರಬೇಕು, ಅದೊಂದು ಮರೆಯಬೇಡಿ.

ಹಿಕ್ಕೆಗೊಬ್ಬರ | 11ನೇ ದಿನ, ಬೆಳಿಗ್ಗೆ 6:40

ಮುಖ ಮುಚ್ಚಿಕೊಂಡು ಬಂದಿದ್ದೇನೆ. ಮೂರು ಹೋತಗಳ ಉಚ್ಚೆಗೆ ಪಟ್ಟಿ ಹಿಡಿದೆ. 8, 8, 7.5.

ಕರಿಯನ ಯಜಮಾನ | 12ನೇ ದಿನ, ಮಧ್ಯಾಹ್ನ 1:10

ಇವತ್ತು ಕ್ಲಿಪ್ ಹಾಕಿ ನಲವತ್ತು ನಿಮಿಷಕ್ಕೆ ಕೆಳಗಿನಿಂದ ಹನಿ ಬಂತು. ಧಾರೆಯಲ್ಲ, ಹನಿ. ಆದರೆ ಸ್ವಂತ ದಾರಿಯಲ್ಲಿ.

ಕಲ್ಲಿನ ವರದಿಯೂ ಬಂತು. ಸ್ಟ್ರುವೈಟ್.

ಕರಿಯನ ಯಜಮಾನ | 17ನೇ ದಿನ, ಸಂಜೆ 6:30

ಎರಡು ದಿನ ಪೂರ್ತಿ ಕ್ಲಿಪ್ ಹಾಕೇ ಇತ್ತು. ಧಾರೆ ಬಿಟ್ಟು ಹೊಯ್ಯುತ್ತಿದ್ದಾನೆ. ಕೂತು ಎಣಿಸಿದೆ, ಒಂದು ಸಲಕ್ಕೆ ಹನ್ನೊಂದು ಸೆಕೆಂಡು. ಇವತ್ತು ಟ್ಯೂಬ್ ತೆಗೆದರು. ಬಲೂನಿನ ನೀರು ಇಳಿಸಿ ಎಳೆದರು, ಅಷ್ಟೇ. ಆ ತೂತು ತಾನಾಗಿ ಮುಚ್ಚುತ್ತದಂತೆ.

ಹೊಸ ಮೇಕೆಯವಳು | ಸಂಜೆ 6:41

ಅಬ್ಬಾ! ಅಣ್ಣಾ, ಉಳಿದ ಬೂಸಾ ಏನು ಮಾಡಿದಿರಿ? ನನ್ನ ಹತ್ತಿರವೂ ಒಂದು ಚೀಲ ಇದೆ. ಹೆಣ್ಣುಗಳಿಗೆ ಹಾಕಬಹುದಾ?

ಹಸಿರು ಏಪ್ರನ್ | ಸಂಜೆ 6:55

ಹಾಲು ಕೊಡುವವಕ್ಕೆ ಅಳತೆಯಲ್ಲಿ ಹಾಕಿ. ಆದರೆ ಗಂಡನ್ನು ಬೇರೆ ಕಟ್ಟಿ, ಗೋದಲಿ ಖಾಲಿಯಾದ ಮೇಲೆ ಬಿಡಿ. ಕರಿಯನಿಗೆ ಇನ್ನೊಂದು ತಿಂಗಳು ವಾರಕ್ಕೊಮ್ಮೆ ಪಿಎಚ್ ನೋಡಿ. ಒಮ್ಮೆ ಕಟ್ಟಿದ್ದಕ್ಕೆ ಮತ್ತೆ ಕಟ್ಟುವ ಭಯ ಇದ್ದೇ ಇರುತ್ತದೆ. ನವಸಾಗರ ಯಾವಾಗ ನಿಲ್ಲಿಸಬೇಕು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ.

ಕರಿಯನ ಯಜಮಾನ | ಸಂಜೆ 7:20

ನಮ್ಮ ಚೀಲವನ್ನು ಹಸು ಇರುವವರ ಮನೆಗೆ ಕೊಟ್ಟೆ. ಖಾಲಿ ಡಬ್ಬ ಅಲ್ಲೇ ಮೂಲೆಯಲ್ಲಿದೆ. ಕರಿಯ ಈಗಲೂ ಬೆಳಿಗ್ಗೆ ಅದರ ಪಕ್ಕ ಹೋಗಿ ನಿಂತು, ಮುಚ್ಚಳಕ್ಕೆ ಮುಂಗಾಲಿನಲ್ಲಿ ಒಂದು ಏಟು ಹಾಕಿ, ನನ್ನ ಮುಖ ನೋಡುತ್ತಾನೆ. ಹುಲ್ಲು ತಂದು ಮುಂದೆ ಹಾಕುತ್ತೇನೆ. ಇನ್ನೊಂದು ಏಟು ಹಾಕುತ್ತಾನೆ.